ತಾರಸಿ ಸೋರುವುದು ಗೋಡೆಯ ಬುಡದಲ್ಲಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಮನೆಯವರು ತಾರಸಿಗೆ ನಾಲ್ಕು ವರ್ಷಗಳಲ್ಲಿ ಮೂರು ಸಲ ಪೇಂಟ್ ಬಳಿಸಿದ್ದರು. ಆದರೂ ಮಲಗುವ ಕೋಣೆಯ ಮೂಲೆಯಲ್ಲಿ ಅದೇ ಕಂದು ಕಲೆ. “ಮಳೆ ಶುರುವಾದರೆ ಮಂಚ ಎಳೆಯುವುದೇ ನಮಗೆ ಕೆಲಸ” ಎಂದರು ಮನೆಯ ಅಮ್ಮ. ಮೇಲೆ ಹತ್ತಿ ನೋಡಿದೆ. ತಾರಸಿಯ ನಡುವೆ ಪೇಂಟ್ ಗಟ್ಟಿಯಾಗಿಯೇ ಇತ್ತು. ತಾರಸಿಯ ಅಂಚಿನ ಪ್ಯಾರಪೆಟ್ ಗೋಡೆ ಸ್ಲ್ಯಾಬ್‌ಗೆ ತಾಗುವಲ್ಲಿ ಮಾತ್ರ ಉಗುರು ತೂರುವಷ್ಟು ಬಿರುಕು, ಆ ಬಿರುಕಿನಲ್ಲಿ ಪಾಚಿ. ಮೂರು ಸಲವೂ ಯಾರೂ ಅದನ್ನು ಮುಟ್ಟಿರಲಿಲ್ಲ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಹಾಗಿದ್ದೂ ನಾನು ನೋಡಿದ ಸೋರುವ ಮನೆಗಳಲ್ಲಿ ಹೆಚ್ಚಿನವು ತಾರಸಿಯ ನಡುವಿನಿಂದ ಸೋರುತ್ತಿರಲಿಲ್ಲ. ನೀರು ಇಳಿಯುವುದು ಗೋಡೆಯ ಬುಡದಲ್ಲಿ, ಮಳೆನೀರು ಹೊರಹೋಗುವ ಪೈಪಿನ ಬಾಯಿಯಲ್ಲಿ, ನಾವೇ ಕೊರೆದ ತೂತುಗಳಲ್ಲಿ. ಹಣವನ್ನೂ ಅಲ್ಲಿಯೇ ಹಾಕಬೇಕು.

ಮೊದಲು ಕಾಲದ ಮಾತು. ತುಲಾ ಮಾಸದ ಗುಡುಗು ಮಳೆ ನಿಂತ ಮೇಲೆ, ಜನವರಿಯಿಂದ ವಿಷುವಿನೊಳಗೆ, ಅಂದರೆ ಏಪ್ರಿಲ್ ನಡುವಿನೊಳಗೆ, ಈ ಕೆಲಸ ಮುಗಿಯಬೇಕು. ಮೇ ಕೊನೆಗೆ ಬರುವ ಪತ್ತನಾಜೆ ಹತ್ತಿರ ಬಂದ ಮೇಲೆ ಮೇಸ್ತ್ರಿಗೆ ಫೋನ್ ಮಾಡಿದರೆ ಒದ್ದೆ ಸ್ಲ್ಯಾಬಿನ ಮೇಲೆಯೇ ಬಳಿಯುತ್ತಾರೆ. ಅದು ಗುಳ್ಳೆ ಎದ್ದು ಸಿಪ್ಪೆಯಂತೆ ಕಿತ್ತು ಬರುತ್ತದೆ. ತೊಡಕೇನು ಎಂದು ನನಗೆ ಗೊತ್ತು. ಆ ತಿಂಗಳುಗಳಲ್ಲಿ ತಾರಸಿಯ ತುಂಬ ಅಡಿಕೆ ಒಣಗುತ್ತಿರುತ್ತದೆ, ಒಂದು ಹರವು ಒಣಗಲು ನಲವತ್ತು ದಿನ ಬೇಕು. ಹಾಗಾಗಿ ತಾರಸಿಯನ್ನು ಎರಡು ಪಾಲು ಮಾಡಿ. ಅಡಿಕೆಯನ್ನು ಒಂದು ಪಾಲಿಗೆ ಸರಿಸಿ, ಇನ್ನೊಂದರಲ್ಲಿ ಕೆಲಸ ಮಾಡಿಸಿ, ಆಮೇಲೆ ಅದಲುಬದಲು ಮಾಡಿ. ಎರಡು ಪಾಲು ಕೂಡುವಲ್ಲಿ ನೀರು ತಡೆಯುವ ಬಳಿಕೆ (ಕೋಟಿಂಗ್) ಅರ್ಧ ಅಡಿಯಾದರೂ ಒಂದರ ಮೇಲೊಂದು ಬರಬೇಕು.

ಕೆಲಸಕ್ಕೆ ಕೈ ಹಾಕುವ ಮೊದಲು ಕೆಳಗಿನ ಕೋಣೆಗಳ ಚಾವಣಿಯನ್ನು ನೋಡಿ. ಸಿಮೆಂಟ್ ಉದುರಿ, ತುಕ್ಕು ಹಿಡಿದ ಕಬ್ಬಿಣದ ಸರಳು ಕಾಣುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಕಡಲ ಬದಿಯ ಉಪ್ಪಳ, ಮಂಜೇಶ್ವರದ ಕಡೆ ಉಪ್ಪಿನಂಶದ ಮರಳಿನಲ್ಲಿ ಕಟ್ಟಿದ ಹಳೆಯ ಮನೆಗಳಿದ್ದರೆ ಇದನ್ನು ಮರೆಯಲೇಬೇಡಿ. ತುಕ್ಕು ಹಿಡಿದ ಸರಳಿಗೆ ಮೇಲಿನ ಬಳಿಕೆಯಿಂದ ಏನೂ ಪ್ರಯೋಜನವಿಲ್ಲ.

ಸರಳು ಗಟ್ಟಿಯಿದ್ದರೆ ನೀರು ನಿಲ್ಲಿಸಿ ಪರೀಕ್ಷಿಸಿ. ಪೈಪಿನ ಬಾಯಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ತುಂಬಿಸಿ, 48 ಗಂಟೆ ಬಿಡಿ. ಎರಡು ಇಂಚು ನೀರೆಂದರೆ ಚದರ ಮೀಟರಿಗೆ 50 ಕಿಲೋ ಭಾರ. ಅದಕ್ಕಿಂತ ಹೆಚ್ಚು ಬೇಡ. ಕೆಳಗೆ ತೇವ ಕಂಡಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ, ಗೋಡೆಯಿಂದ ಎಷ್ಟು ಅಡಿ ದೂರ ಎಂದು ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ನೀರು ಬಿಟ್ಟು, ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ.

ಕೆಲಸ ಕೆಡುವುದು ಗೋಡೆಯ ಬುಡದಲ್ಲಿ. ನಮ್ಮ ಕಡೆ ಸ್ಲ್ಯಾಬ್ ಹಾಕಿದ ಮೇಲೆ ಅದರ ಮೇಲೆ ಮುರಕಲ್ಲಿನ (ಕೆಂಪುಕಲ್ಲಿನ) ಪ್ಯಾರಪೆಟ್ ಕಟ್ಟುತ್ತೇವೆ. ಬಿಸಿಲಿಗೆ ಕಾಂಕ್ರೀಟ್ ಹಿಗ್ಗುವ ರೀತಿ ಬೇರೆ, ಕಲ್ಲಿನದು ಬೇರೆ. ಆದ್ದರಿಂದ ಎರಡೂ ಸೇರುವ ಗೆರೆಯಲ್ಲಿ ಬಿರುಕು ಬಂದೇ ಬರುತ್ತದೆ. ಅದರ ಮೇಲೆ ಬರೀ ಪೇಂಟ್ ಬಳಿದರೆ ಮುಂದಿನ ಬೇಸಿಗೆಯಲ್ಲಿ ಪೇಂಟೂ ಸೀಳುತ್ತದೆ.

ಹಾಗಾಗಿ ಗೋಡೆಯ ಒಳಬದಿಯ ಗಾರೆಯನ್ನು ಬುಡದಿಂದ ಒಂದು ಅಡಿ ಎತ್ತರದವರೆಗೆ ಕಿತ್ತು ತೆಗೆಸಿ. ಸ್ಲ್ಯಾಬಿನ ಮೇಲೂ ಅರ್ಧ ಅಡಿ ಅಗಲಕ್ಕೆ ಸಡಿಲವಾದದ್ದನ್ನೆಲ್ಲ ಕೆರೆಸಿ. ಬಿರುಕನ್ನು ಉಳಿಯಿಂದ ಬೆರಳಗಲ ಬಿಡಿಸಿ, ಧೂಳು ತೊಳೆದು, ಪಾಲಿಮರ್ (ಗಾರೆಗೆ ಅಂಟು ಕೊಡುವ ದ್ರವ) ಬೆರೆಸಿದ ಗಾರೆ ತುಂಬಿಸಿ. ಅದರ ಮೇಲೆ ಸಿಮೆಂಟ್ ಮತ್ತು ಪಾಲಿಮರ್ ದ್ರವದ ತೆಳು ಬಳಿಕೆ. ಅದು ಅಂಟಂಟಾಗಿ ಇರುವಾಗಲೇ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯನ್ನು ಮೂಲೆಗೆ ಒತ್ತಬೇಕು. ಗೋಡೆಯ ಮೇಲೆ ಮೂರು ಇಂಚು, ನೆಲದ ಮೇಲೆ ಮೂರು ಇಂಚು. ಒಳ್ಳೆಯ ಮೇಸ್ತ್ರಿ ಇದನ್ನು ಕರಣೆಯಿಂದ ಮುಗಿಸುವುದಿಲ್ಲ. ಗಾಜಿನ ಬಾಟಲಿಯ ಮೈಯನ್ನು ಒದ್ದೆ ಮಾಡಿ ಮೂಲೆಯುದ್ದಕ್ಕೂ ಎಳೆಯುತ್ತಾನೆ. ಮೂಲೆ ಒಳಬಾಗಿದ ಬಟ್ಟಲಿನಂತೆ ನುಣುಪಾಗುತ್ತದೆ. ಚೂಪು ಮೂಲೆಯಲ್ಲಿ ಬಳಿಕೆ ತೆಳುವಾಗಿ ಸೀಳುತ್ತದೆ, ದುಂಡು ಮೂಲೆಯಲ್ಲಿ ಒಂದೇ ದಪ್ಪಕ್ಕೆ ಕೂರುತ್ತದೆ. ಕೆಲಸ ನಡೆಯುವಾಗ ನೀವೇ ಮೇಲೆ ಹೋಗಿ ಅಂಗೈಯಿಂದ ಸವರಿ ನೋಡಿ.

ಏಳು ದಿನ ಒದ್ದೆ ಗೋಣಿ ಹೊದೆಸಿ, ನಂತರ ಒಂದು ವಾರ ಒಣಗಲು ಬಿಡಿ. ಒಣಗಿದೆಯೇ ಎಂದು ಊಹಿಸಬೇಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಸ್ಲ್ಯಾಬಿನ ಮೇಲೆ ಸಂಜೆ ಹಾಕಿ. ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಎತ್ತಿದಾಗ ಅಡಿಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಕೆಲವು ದಿನ ಕಾಯಿರಿ.

ಈಗ ಬುಡಕ್ಕೆ ಬಳಿಕೆ. ಮೊದಲ ಕೋಟ್ ಹಸಿಯಿರುವಾಗ ಫೈಬರ್ ಬಲೆಯನ್ನು ಅದರೊಳಗೆ ಒತ್ತಿ, ಗೋಡೆಯ ಮೇಲೆ ಒಂದು ಅಡಿವರೆಗೆ ಏರಿಸಿ. ಬಲೆಯ ಮೇಲಂಚು ಗೋಡೆಯಲ್ಲಿ ಕೊರೆದ ಸಣ್ಣ ಗೀರಿನೊಳಗೆ ಸೇರಿ, ಮೇಲಿನಿಂದ ಗಾರೆ ಮುಚ್ಚಬೇಕು. ಹಾಗೆಯೇ ಬಿಟ್ಟರೆ ಗೋಡೆಯ ಮೈಮೇಲೆ ಇಳಿಯುವ ನೀರು ಬಳಿಕೆಯ ಹಿಂದಿನಿಂದಲೇ ಒಳಹೋಗುತ್ತದೆ.

ಇಷ್ಟಾದರೂ ಕೆಲವರ ಮನೆ ಸೋರುತ್ತದೆ. ಕಾರಣ ಪ್ಯಾರಪೆಟ್‌ನ ತಲೆ. ಮುರಕಲ್ಲು ತೂತುತೂತಾದ ಕಲ್ಲು. ಗೋಡೆಯ ಮೇಲ್ಭಾಗದಿಂದ ಹೀರಿದ ನೀರು ಕಲ್ಲಿನೊಳಗೇ ಇಳಿದು, ನಿಮ್ಮ ಬಳಿಕೆಯ ಅಡಿಯಲ್ಲಿ ಸ್ಲ್ಯಾಬ್ ಸೇರುತ್ತದೆ. ಅಂದಕ್ಕಾಗಿ ಕೆಂಪುಕಲ್ಲನ್ನು ಗಾರೆ ಮಾಡದೆ ಬಿಡುವುದು ನನಗೂ ಇಷ್ಟ, ಆದರೆ ಪ್ಯಾರಪೆಟ್‌ನಲ್ಲಿ ಬೇಡ. ಎರಡೂ ಬದಿಗೆ ಗಾರೆ ಹಾಕಿಸಿ, ತಲೆಗೆ ಎರಡು ಇಂಚಿನ ಕಾಂಕ್ರೀಟ್ ಹಾಸು ಕೂರಿಸಿ. ಆ ಹಾಸು ತಾರಸಿಯ ಕಡೆಗೆ ವಾಲಿರಲಿ, ಎರಡು ಬದಿಗೂ ಒಂದೂವರೆ ಇಂಚು ಚಾಚಿರಲಿ, ಚಾಚಿದ ಭಾಗದ ಅಡಿಯಲ್ಲಿ ಹನಿ ಬೀಳುವಂತೆ ಒಂದು ಗೀರು ಇರಲಿ.

ಪೈಪಿನ ಬಾಯಿಯನ್ನು ಸಾಮಾನ್ಯವಾಗಿ ಸ್ಲ್ಯಾಬಿಗಿಂತ ಒಂದು ಬೆರಳು ಎತ್ತರಕ್ಕೆ ಕೂರಿಸಿರುತ್ತಾರೆ, ನೀರು ಅದರ ಸುತ್ತಲೂ ನಿಲ್ಲುತ್ತದೆ. ಸುತ್ತ ಕೆತ್ತಿ, ಬಾಯಿಯನ್ನು ತಗ್ಗಿಸಿ, ಒಣಗಿದಾಗ ಕುಗ್ಗದ ಗ್ರೌಟ್ ಗಾರೆ ತುಂಬಿಸಿ, ಬಲೆಯನ್ನು ಪೈಪಿನ ಒಳಗೂ ಎರಡು ಇಂಚು ಇಳಿಸಿ. ನಾಲ್ಕುನೂರು ಚದರಡಿಗೆ ಒಂದು ನಾಲ್ಕಿಂಚಿನ ಪೈಪ್ ಇರಲಿ. ತಾರಸಿ ಎಷ್ಟೇ ಚಿಕ್ಕದಾದರೂ ಎರಡಕ್ಕಿಂತ ಕಡಿಮೆ ಬೇಡ. ಒಂದಕ್ಕೆ ಅಡಿಕೆ ಸಿಪ್ಪೆ ತುಂಬಿದ ದಿನ ಇನ್ನೊಂದು ಕಾಯುತ್ತದೆ.

ಅಡಿಕೆ ಒಣಗಿಸುವ ಸೋಲಾರ್ ಗೂಡಿನ ಕಂಬಗಳಿಗೆ ದಯವಿಟ್ಟು ಸ್ಲ್ಯಾಬ್ ಕೊರೆಯಬೇಡಿ. ಕಂಬದ ಬುಡವನ್ನು ಬಕೆಟಿನಷ್ಟು ದೊಡ್ಡ ಕಾಂಕ್ರೀಟ್ ಗುಂಡಿನಲ್ಲಿ ನಿಲ್ಲಿಸಿ ತಾರಸಿಯ ಮೇಲೆ ಇಡಬಹುದು, ಬೇಸಿಗೆ ಮುಗಿದ ಮೇಲೆ ಎತ್ತಿಡಬಹುದು. ಸೋರಿಕೆ ತಡೆಯಲು ತಾರಸಿಯ ಮೇಲೆ ಶೀಟ್ ಹಾಕಿಸುವವರೂ ಇದ್ದಾರೆ. ಅಡಿಕೆ, ತೆಂಗಿನಕಾಯಿ ಇಡಲು ಸ್ಥಳ ಬೇಕೆಂದಾದರೆ ಹಾಕಿಸಿ. ಸೋರಿಕೆಯೊಂದೇ ಕಾರಣವಾದರೆ ಬುಡ ಸರಿಪಡಿಸುವ ಖರ್ಚು ಅದಕ್ಕಿಂತ ಬಹಳ ಕಡಿಮೆ.

ತಾರಸಿಯ ನಡುವಿಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಬಿರುಕು ತುಂಬಿಸಿ, ಬಿಳಿ ಬಣ್ಣದ ಅಕ್ರಿಲಿಕ್ ಬಳಿಕೆಯನ್ನು ಎರಡು ಸಲ, ಒಂದು ಉದ್ದಕ್ಕೆ ಇನ್ನೊಂದು ಅಡ್ಡಕ್ಕೆ. ಬಿಳಿಯೇ ಇರಲಿ, ಕೋಣೆಯ ಸೆಕೆಯೂ ಕಡಿಮೆಯಾಗುತ್ತದೆ. ಡಾಂಬರು ಬಳಿಯಲು ಹೇಳುವ ಮೇಸ್ತ್ರಿಯನ್ನು ಒಪ್ಪಬೇಡಿ: ಬಿಸಿಲಿಗೆ ಅದು ಒಡೆಯುತ್ತದೆ, ಮುಂದೆ ಅದರ ಮೇಲೆ ಬೇರೆ ಯಾವುದೂ ಹಿಡಿಯುವುದಿಲ್ಲ. ಇಳಿಜಾರಿಗೆಂದು ಇಡೀ ತಾರಸಿಗೆ ದಪ್ಪ ಗಾರೆ ಸುರಿಯುವುದೂ ಬೇಡ. ಒಂದು ಇಂಚು ಗಾರೆಯೆಂದರೆ ಚದರ ಮೀಟರಿಗೆ ಮತ್ತೆ 50 ಕಿಲೋ, ಅದೂ ಶಾಶ್ವತವಾಗಿ.

ಬಳಿಕೆ ಮುಗಿದು ಏಳು ದಿನ ಕಳೆದ ಮೇಲೆ ಪೈಪಿಗೆ ಮತ್ತೆ ಬಟ್ಟೆ ತುರುಕಿ, ಅದೇ ಎರಡು ಇಂಚು ನೀರು, ಅದೇ 48 ಗಂಟೆ. ನಾನು ಕೂಲಿಯ ಐದನೇ ಒಂದು ಪಾಲನ್ನು ಈ ದಿನದವರೆಗೆ ಕೊಡಿಸುವುದಿಲ್ಲ, ಇದನ್ನು ಮೊದಲೇ ಮಾತಾಡಿಕೊಂಡಿರುತ್ತೇನೆ. ಕೆಳಗೆ ಪೆನ್ಸಿಲಿನ ಗುರುತು ಇದ್ದಲ್ಲೆಲ್ಲ ಕೈ ಇಟ್ಟು ನೋಡಿ. ಒಣಗಿದ್ದರೆ ಹಣ ಕೊಟ್ಟು, ನೀರು ಬಿಟ್ಟು, ಅಡಿಕೆಯನ್ನು ಮರಳಿ ಹರಡಬಹುದು.