ಕಾಫಿ ಕೊಯ್ಲಿನ ಗಡಿಬಿಡಿಯಲ್ಲೂ ಊಟ, ವ್ಯಾಯಾಮ ಹೊಂದಿಸುವುದು ಹೇಗೆ?

ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೊಡಗಿನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಕೊಯ್ಲು, ಕಣದ ಕೆಲಸ, ಮಕ್ಕಳ ಪರೀಕ್ಷೆ. ಹಾಗಾಗಿ ಎಷ್ಟೋ ಜನ ಆರು ದಿನ ಮೈ ಅಲ್ಲಾಡಿಸುವುದಿಲ್ಲ. ಭಾನುವಾರ ಎರಡು ಗಂಟೆ ನಡೆದು, ಬಂದು ಪಂದಿಕರಿ (ಹಂದಿ ಸಾರು) ಜೊತೆ ಲೆಕ್ಕ ಇಡದೆ ಕಡಂಬುಟ್ಟು (ಅಕ್ಕಿ ಕಡುಬು) ತಿನ್ನುತ್ತಾರೆ. ಹೀಗೆ ಮಾಡಿದರೆ ತೂಕ ಇಳಿಯುವುದಿಲ್ಲ, ಮಂಡಿ ಮಾತ್ರ ನೋಯುತ್ತದೆ.

1. ನಡಿಗೆಯನ್ನು ತುಂಡು ಮಾಡಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಬಿರುಸಿನ ವ್ಯಾಯಾಮ ಹೇಳುತ್ತದೆ. ದಿನಕ್ಕೆ 10 ನಿಮಿಷದಂತೆ ಮೂರು ಸಲ, ವಾರಕ್ಕೆ ಐದು ದಿನ ನಡೆದರೆ ಲೆಕ್ಕ ಸರಿಹೋಯಿತು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ನಮ್ಮ ಏರು ದಾರಿಯಲ್ಲಿ ಅದು ತಾನಾಗಿಯೇ ಬರುತ್ತದೆ. ಇಳಿಜಾರಿನಲ್ಲಿ ನಿಧಾನ. ಜೀಪಿನಲ್ಲಿ ತೋಟ ಸುತ್ತಿದ್ದು ಲೆಕ್ಕಕ್ಕಿಲ್ಲ.

2. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರಿ, ಗೋಡೆಗೆ ಕೈಯಿಟ್ಟು ದಂಡ ಹೊಡೆಯಿರಿ. ಮಳೆಗಾಲಕ್ಕೂ ಇದೇ ಸಾಕು, ಜಿಮ್ ಬೇಡ.

3. ತಟ್ಟೆಗೆ ಬಡಿಸುವ ಕ್ರಮ ಬದಲಿಸಿ. ಹೆಚ್ಚಿನವರು ಎಡವುವುದು ಇಲ್ಲೇ. "ಅನ್ನ ಬಿಟ್ಟಿದ್ದೇನೆ, ಒತ್ತಿ (ಕೊಡಗಿನ ರೊಟ್ಟಿ) ಮಾತ್ರ" ಅನ್ನುತ್ತಾರೆ. ಆದರೆ ಅಕ್ಕಿ ಒತ್ತಿ ಯಾವುದರದ್ದು? ಅನ್ನ ಮತ್ತು ಅಕ್ಕಿಹಿಟ್ಟಿನದ್ದೇ ಅಲ್ವಾ? ಕಡಂಬುಟ್ಟು, ನೂಪುಟ್ಟು, ಪಾಪುಟ್ಟು ಎಲ್ಲವೂ ಅಕ್ಕಿಯೇ. ಬಿಡಬೇಕಾಗಿಲ್ಲ, ಕೊನೆಗೆ ಹಾಕಿಕೊಳ್ಳಿ. ಮೊದಲು ಅರ್ಧ ತಟ್ಟೆ ಪಲ್ಯ, ಸೊಪ್ಪು. ಆಲೂಗಡ್ಡೆ ಪಲ್ಯ ಈ ಅರ್ಧಕ್ಕೆ ಸೇರುವುದಿಲ್ಲ. ನಂತರ ಕಾಲು ಭಾಗ ಕಾಳು, ಮೊಟ್ಟೆ, ಮೀನು ಅಥವಾ ಮಾಂಸ. ಪಂದಿಕರಿಯಾದರೆ ನೆಣದ ತುಂಡುಗಳನ್ನು ಪಾತ್ರೆಯಲ್ಲೇ ಬಿಡಿ, ಮನೆಯವರು ಮುಖ ಗಂಟು ಹಾಕಿದರೂ ಸರಿ. ಉಳಿದ ಕಾಲು ಭಾಗದಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೇ ಕಡಂಬುಟ್ಟು. ಇನ್ನೂ ಬೇಕೆನಿಸಿದರೆ ಹತ್ತು ನಿಮಿಷ ಕಾಯಿರಿ. ಆಮೇಲೂ ಹಸಿವಿದ್ದರೆ ಪಲ್ಯ ಹಾಕಿಕೊಳ್ಳಿ.

ಇದಕ್ಕೆ ದಿನಾ ಅಡುಗೆ ಮಾಡುವ ಸಮಯ ಎಲ್ಲಿದೆ ಅಂತೀರಾ? ರಾತ್ರಿ ಕಡಲೆಯನ್ನೋ ಹೆಸರುಕಾಳನ್ನೋ ನೆನೆಹಾಕಿ, ಬೆಳಿಗ್ಗೆ ಒಟ್ಟಿಗೇ ಕುಕ್ಕರಿನಲ್ಲಿ ಬೇಯಿಸಿ ಫ್ರಿಜ್ಜಿನಲ್ಲಿಡಿ. ಮೂರು ದಿನ ಬರುತ್ತದೆ. ಅದೂ ಆಗದ ದಿನ ಎರಡು ಮೊಟ್ಟೆ ಬೇಯಿಸಿದರೆ ಸುಮಾರು 12 ಗ್ರಾಂ ಪ್ರೋಟೀನ್ ಸಿಕ್ಕಿತು. ಡಬ್ಬಿ ಪುಡಿಗೆ ಸಾವಿರಗಟ್ಟಲೆ ಸುರಿಯಬೇಡಿ.

4. ಕಾಫಿ ಎಣಿಸಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 30 ಗ್ರಾಂ ದಾಟಿತು. ಬೆಲ್ಲದ ಕಾಫಿಯಾದರೂ ಲೆಕ್ಕ ಅದೇ.

ಕಾಚಂಪುಳಿ (ಹಣ್ಣಿನಿಂದ ಮಾಡಿ ಪಂದಿಕರಿಗೆ ಹಾಕುವ ಕಪ್ಪು ಹುಳಿ) ಕುಡಿದರೆ ಬೊಜ್ಜು ಕರಗುತ್ತದೆ ಅಂತ ಮಾರುವವರಿದ್ದಾರೆ. ಅದೇ ಜಾತಿಯ ಹಣ್ಣಿನ 'ಗಾರ್ಸೀನಿಯಾ' ಮಾತ್ರೆಗಳೂ ಸಿಗುತ್ತವೆ. ಈ ಮಾತ್ರೆ ತಿಂದವರಲ್ಲಿ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ. ಕಾಚಂಪುಳಿ ಪಂದಿಕರಿಗಿರಲಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಒಂದೇ ಸಲ ಊಟ ಕಡಿಮೆ ಮಾಡಬೇಡಿ. ಶುಗರ್ ಇಳಿದು ತಲೆ ಸುತ್ತಬಹುದು, ಮೊದಲು ಡಾಕ್ಟರನ್ನು ಕೇಳಿ.