ಟೈರ್ ಸುಡದೆ ಆಲೆಮನೆ ನಡೆಸಿದ್ದು: ನನ್ನ ಅನುಭವ

ಈ ಸಲ ಕಬ್ಬು ಮುಗಿದು ಗಾಣ ನಿಲ್ಲಿಸಿದ ದಿನ ಅಂಗಳದಲ್ಲಿ ಎರಡು ಟ್ರ್ಯಾಕ್ಟರ್ ಲೋಡ್ ಒಣ ರಚ್ಚು (ರಸ ಹಿಂಡಿದ ಕಬ್ಬಿನ ಸಿಪ್ಪೆ, ಒಲೆಗೆ ಇದೇ ಸೌದೆ) ಮಿಕ್ಕಿತ್ತು. ಆಲೆಮನೆ ನಡೆಸುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಪಾಂಡವಪುರದ ಕಡೆ ರಚ್ಚು ಸಾಲದೆ ಬರುವುದೇ ಹೆಚ್ಚು. ಸಾಲದಿದ್ದಾಗ ಏನೇನು ಒಲೆಗೆ ಹೋಗುತ್ತದೆ ಅನ್ನುವುದು ನಿಮಗೂ ಗೊತ್ತು. ಹಳೇ ಟೈರು, ಚಪ್ಪಲಿ ಅಟ್ಟೆಯ ಚೂರು, ಪ್ಲಾಸ್ಟಿಕ್. ನಾನೂ ಹತ್ತು ವರ್ಷ ಅದನ್ನೇ ಹಾಕಿದವನು. ಹಾಗಾಗಿ ಯಾರಿಗೂ ಬುದ್ಧಿ ಹೇಳಲು ಇದನ್ನು ಬರೆಯುತ್ತಿಲ್ಲ. 'ಟೈರಿಲ್ಲದೆ ಒಲೆ ಉರಿಯಲ್ಲ, ಬಿಳಿ ಪುಡಿ ಇಲ್ಲದೆ ಬೆಲ್ಲ ಮಾರಲ್ಲ' ಅಂತ ನಾಲ್ಕು ವರ್ಷದ ಹಿಂದೆ ಟೀ ಅಂಗಡಿ ಮುಂದೆ ನಕ್ಕವರಿದ್ದಾರಲ್ಲ, ಅವರಿಗೆ ಲೆಕ್ಕ ಒಪ್ಪಿಸುತ್ತಿದ್ದೇನೆ.

ಶುರುವಾಗಿದ್ದು ಪರಿಸರದ ಮೇಲಿನ ಪ್ರೀತಿಯಿಂದ ಅಲ್ಲ. 2021ರಲ್ಲಿ ಟೈರು ಸುಡಬೇಡಿ ಅಂತ ಒಂದು ನೋಟಿಸ್ ಬಂತು. ಅದಕ್ಕೂ ಮೊದಲು ಪಕ್ಕದ ಮನೆಯ ಅಜ್ಜಿ ಒಣಗಲು ಹಾಕಿದ್ದ ಬಿಳಿ ಪಂಚೆ ತಂದು ನನ್ನ ಮುಂದೆ ಹಿಡಿದಿದ್ದರು. ಮೇಲೆಲ್ಲಾ ಕರಿ ಚುಕ್ಕೆ. ಉಜ್ಜಿದರೆ ಎಣ್ಣೆ ಹಾಗೆ ಹರಡುತ್ತಿತ್ತು. ನೋಟಿಸಿಗಿಂತ ಅದೇ ಜಾಸ್ತಿ ನಾಚಿಕೆ ತಂದಿತು. ಆದರೂ ನಿಜ ಹೇಳಬೇಕೆಂದರೆ, ಕೂತು ಲೆಕ್ಕ ಹಾಕಿಸಿದ್ದು ನೋಟಿಸೇ.

ಆಗ ದಿನಕ್ಕೆ 8 ಕೊಪ್ಪರಿಗೆ ಇಳಿಸುತ್ತಿದ್ದೆ. ಕೊಪ್ಪರಿಗೆಗೆ ಒಂದು ಟನ್ ಕಬ್ಬು, ನೂರು ಕೆಜಿ ಬೆಲ್ಲ. ಒಳ್ಳೆ ಕಬ್ಬಾದರೆ ಐದಾರು ಕೆಜಿ ಹೆಚ್ಚು. ಬೆಲ್ಲ ಕ್ವಿಂಟಾಲಿಗೆ 3,800 ಇದ್ದಾಗ ದಿನಕ್ಕೆ 30 ಸಾವಿರ ಚಿಲ್ಲರೆ. ಕಬ್ಬಿಗೆ 23 ಸಾವಿರ, ಆಳಿಗೆ ಮೂರೂವರೆ, ಎಣ್ಣೆ, ಸುಣ್ಣ, ಕರೆಂಟ್ ಅಂತ ಏಳು ನೂರು. ಮಿಕ್ಕಿದ್ದು ಹೆಚ್ಚುಕಮ್ಮಿ 3,200. ಅದರಲ್ಲಿ ಟೈರು, ಸೌದೆಗೆ 2,200. ಹಗಲು ರಾತ್ರಿ ಹೊಗೆ ಕುಡಿದು ನನಗೆ ಉಳಿಯುತ್ತಿದ್ದದ್ದು ಒಂದು ಸಾವಿರ ರೂಪಾಯಿ! ಇದನ್ನು ಹಾಳೆ ಮೇಲೆ ಬರೆದು ನೋಡಿದ ದಿನ ಊಟ ಸೇರಲಿಲ್ಲ.

ರಚ್ಚಿನ ಲೆಕ್ಕ ಇನ್ನೂ ಸರಳ. ಒಂದು ಟನ್ ಕಬ್ಬು ಅರೆದರೆ ಒಣಗಿದ ಮೇಲೆ ಇನ್ನೂರು ಕೆಜಿ ರಚ್ಚು ಸಿಗುತ್ತದೆ. ಅಂದರೆ ಕೆಜಿ ಬೆಲ್ಲಕ್ಕೆ ಎರಡು ಕೆಜಿ ರಚ್ಚು. ನನ್ನ ಹಳೇ ಒಂಟಿ ಕೊಪ್ಪರಿಗೆ ಒಲೆ ಮುಕ್ಕಾಲು ಕೆಜಿ ಹೆಚ್ಚಿಗೆ ತಿನ್ನುತ್ತಿತ್ತು. ಆ ಮುಕ್ಕಾಲು ಕೆಜಿಯ ಜಾಗಕ್ಕೇ ಟೈರು ಬರುತ್ತಿದ್ದದ್ದು. ಟೈರ್ ಬಿಡಬೇಕಾದರೆ ಬೇರೆ ಸೌದೆ ಹುಡುಕಿ ಉಪಯೋಗವಿಲ್ಲ, ಒಲೆಯ ಹೊಟ್ಟೆ ಕಮ್ಮಿ ಮಾಡಬೇಕು.

ಎರಡು ಕೊಪ್ಪರಿಗೆ ಒಲೆ ಹೊಸದೇನಲ್ಲ. ಮುಂದಿನದು ಉರಿಯ ಮೇಲೆ, ಹಿಂದಿನದು ಚಿಮಣಿಗೆ ಹೋಗುವ ಬಿಸಿಗಾಳಿಯ ಮೇಲೆ. ಮುಂದೆ ಪಾಕ ಆಗುವಷ್ಟರಲ್ಲಿ ಹಿಂದಿನ ಹಾಲು, ಅಂದರೆ ಕಬ್ಬಿನ ರಸ, ಕಾದು ತಯಾರಿರುತ್ತದೆ. ನೋಡಿಕೊಂಡು ಬಂದೆ, ಅಳತೆ ಬರೆದುಕೊಂಡೆ, ಮೇಸ್ತ್ರಿಯನ್ನು ಕರೆಸಿದೆ. 2 ಲಕ್ಷ 20 ಸಾವಿರ ಖರ್ಚಾಯಿತು. ಅಷ್ಟೂ ದುಡ್ಡು ಮಣ್ಣು.

ಮೊದಲ ತಪ್ಪು ಚಿಮಣಿಯದು. ಹಳೇ ಚಿಮಣಿ ಚೆನ್ನಾಗಿದೆ ಅಂತ ಹಾಗೇ ಉಳಿಸಿಕೊಂಡೆ. ಈಗ ಗಾಳಿ ಎರಡು ಪಟ್ಟು ದೂರ ಹೋಗಬೇಕು, ಎಳೆತ ಸಾಲಲಿಲ್ಲ. ಹೊಗೆ ಎಲ್ಲಾ ಒಲೆ ಬಾಯಿಗೇ ಬಂತು. ಉರಿ ಹಾಕುವ ಹುಡುಗನ ರೆಪ್ಪೆ ಸುಟ್ಟಿತು. ಅವನು ಮೂರನೇ ದಿನ ಉತ್ತರ ಪ್ರದೇಶದ ರೈಲು ಹತ್ತಿದ. ಎರಡನೆಯದು ಇಟ್ಟಿಗೆ. ಕುತ್ತಿಗೆ ಭಾಗಕ್ಕೆ ಬೆಂಕಿ ಇಟ್ಟಿಗೆ ಹಾಕಿ ಅಂತ ಮೇಸ್ತ್ರಿ ಹೇಳಿದ್ದ. ನಾನು 14 ಸಾವಿರ ಉಳಿಸಲು ಹೋಗಿ ಮಾಮೂಲಿ ಇಟ್ಟಿಗೆ ಹಾಕಿಸಿದೆ. ಇಪ್ಪತ್ತು ದಿನಕ್ಕೆ ಬಿರಿದು ಒಳಗೇ ಉದುರಿತು. ಅಡಿ ಸರಳುಗಳದ್ದೂ ಅದೇ ಕತೆ. ಎರಕದ್ದು ಹಾಕುವ ಜಾಗಕ್ಕೆ ಕಟ್ಟಡದ ಕಂಬಿ ಹಾಕಿದ್ದೆ, ಬಾಳೆಹಣ್ಣಿನ ಹಾಗೆ ಬಾಗಿದವು.

ಇವೆಲ್ಲಾ ಕಣ್ಣಿಗೆ ಕಾಣುವ ತಪ್ಪುಗಳು. ಕಾಣದ್ದು ಒಂದಿತ್ತು. ಒಂದು ರಾತ್ರಿ ಕರೆಂಟ್ ಹೋಗಿ ಕೆಲಸ ನಿಂತಿತು. ಹಿಂದಿನ ಕೊಪ್ಪರಿಗೆಯಲ್ಲಿ ಹಾಲು ಉಗುರು ಬೆಚ್ಚಗೆ ಹಾಗೇ ಕೂತಿತ್ತು. ಬೆಳಿಗ್ಗೆ ಅದನ್ನೇ ಕಾಯಿಸಿದೆವು. ನೀರಿಗೆ ಬಿಟ್ಟ ಪಾಕ ಉಂಡೆ ಕಟ್ಟುತ್ತಿತ್ತು, ಆದರೆ ತಟ್ಟೆಗೆ ಹೊಡೆದರೆ 'ಟಣ್' ಅನ್ನದೆ 'ಪಚ್' ಅಂದಿತು. ಪಾಕ ಆರಿಸುವ ದೋಣಿಗೆ ಸುರಿದದ್ದು ಸಂಜೆಯಾದರೂ ಗಟ್ಟಿಯಾಗಲಿಲ್ಲ. ಬೆಚ್ಚಗೆ ಕೂತ ಹಾಲು ಹುಳಿಗೆ ತಿರುಗಿ, ಸಕ್ಕರೆ ಒಡೆದು ಹೋಗಿತ್ತು. ಒಂದು ಕ್ವಿಂಟಾಲ್ ಹಾಳು, ದನಕ್ಕೆ ಹಾಕಿದೆ. ಅವತ್ತಿನಿಂದ ನಮ್ಮಲ್ಲಿ ಒಂದೇ ಕಾನೂನು. ಕೆಲಸ ನಿಲ್ಲುವ ಹೊತ್ತಿಗೆ ಹಿಂದಿನ ಕೊಪ್ಪರಿಗೆ ಖಾಲಿ ಇರಬೇಕು. ಕರೆಂಟ್ ಕೈಕೊಟ್ಟರೆ ಅದನ್ನು ಕುದಿಸಿಯೇ ಮುಂದಿನ ಮಾತು.

2022ರಲ್ಲಿ ಮತ್ತೆ ಕಟ್ಟಿಸಿದೆ. ಮನೆಯಲ್ಲಿ ಎರಡು ದಿನ ಯಾರೂ ಮಾತಾಡಲಿಲ್ಲ. ಸಾಲಕ್ಕೆ ಹೋದ ಒಂದು ಬ್ಯಾಂಕಿನವರು 'ಒಲೆಗೆಲ್ಲಾ ಸಾಲ ಕೊಡಲ್ಲ, ಮಿಷನ್ ಆದರೆ ಕೊಡ್ತೀವಿ' ಅಂದರು. ಹೆಂಡತಿಯ ಬಳೆ ಅಡವಿಟ್ಟೆ. ಈ ಸಲ 2 ಲಕ್ಷ 60 ಸಾವಿರ. ಚಿಮಣಿ ಎತ್ತರಿಸಿದೆ, ಬೆಂಕಿ ಇಟ್ಟಿಗೆ ಹಾಕಿಸಿದೆ, ಎರಕದ ಸರಳು ತಂದೆ. ಎರಡು ಕೊಪ್ಪರಿಗೆಯ ನಡುವೆ ಗಾಳಿ ಹೋಗುವ ಸಂದಿಯನ್ನು ಮೂರು ಸಲ ಒಡೆದು ಕಟ್ಟಿಸಿ ಒಂದು ಅಳತೆಗೆ ತಂದೆ. ಆ ಅಳತೆ ಮಾತ್ರ ಇಲ್ಲಿ ಬರೆಯುವುದಿಲ್ಲ. ಬೇಜಾರಾಗಬೇಡಿ, ಅದಕ್ಕೆ ನಾನು ಕೊಟ್ಟ ಫೀಸು ದೊಡ್ಡದು. ಬಂದು ನೋಡಿದರೆ ಬೇಡ ಅನ್ನಲ್ಲ, ಟೇಪ್ ಹಿಡಿಯಲು ಮಾತ್ರ ಬಿಡಲ್ಲ.

ಒಂದು ಕೊಪ್ಪರಿಗೆಗೆ ಎರಡೂವರೆ ಗಂಟೆ ಹಿಡಿಯುತ್ತಿದ್ದದ್ದು ಒಂದು ಮುಕ್ಕಾಲಕ್ಕೆ ಇಳಿಯಿತು. ಎಂಟು ಕೊಪ್ಪರಿಗೆ ಹದಿನಾಲ್ಕು ಹದಿನೈದು ಗಂಟೆಯಲ್ಲಿ ಮುಗಿಯುತ್ತದೆ. ಆಳುಗಳು ರಾತ್ರಿ ಮಲಗುತ್ತಾರೆ, ನಾನೂ ಮಲಗುತ್ತೇನೆ. ರಚ್ಚು ಕೆಜಿ ಬೆಲ್ಲಕ್ಕೆ ಒಂದು ಮುಕ್ಕಾಲರಿಂದ ಒಂದೂ ತೊಂಬತ್ತರ ಒಳಗೆ ನಿಂತಿದೆ.

ಆದರೆ ಒಲೆ ಸರಿಯಾದ ಮಾತ್ರಕ್ಕೆ ಟೈರು ನಿಲ್ಲಲಿಲ್ಲ. ನಾನಿಲ್ಲದಾಗ ಉರಿ ಹಾಕುವವನು ಕದ್ದು ಹಾಕುತ್ತಿದ್ದ. ಟೈರು ಹಾಕಿದರೆ ಅರ್ಧ ಗಂಟೆ ಬೀಡಿ ಸೇದಬಹುದು, ರಚ್ಚಾದರೆ ಎರಡು ನಿಮಿಷಕ್ಕೊಂದು ಹಿಡಿ ಹಾಕುತ್ತಲೇ ಇರಬೇಕು. ಬೈದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ. ವಾರದ ಕೊನೆಗೆ ಎಷ್ಟು ರಚ್ಚು ಮಿಗುತ್ತದೋ ಅದರ ಅರ್ಧ ದುಡ್ಡು ಅವನಿಗೆ. ಆಮೇಲೆ ನೋಡಬೇಕಿತ್ತು ನೀವು. ಹಸಿ ರಚ್ಚು ಯಾರಾದರೂ ಒಲೆ ಹತ್ತಿರ ತಂದರೆ ಅವನೇ ಜಗಳಕ್ಕೆ ನಿಲ್ಲುತ್ತಿದ್ದ.

ಒಣಗಿಸುವುದೇ ಇನ್ನೊಂದು ಅಧ್ಯಾಯ. ಬೇಸಿಗೆಯಲ್ಲಿ ಮೂರು ದಿನ ಬಿಸಿಲು ಸಾಕು. ಮಳೆಗಾಲಕ್ಕೆ ಶೆಡ್ ಬೇಕು. ಹಳೇ ಪಾಲಿಹೌಸಿನ ಪೈಪು, ಶೀಟು ತಂದು 90 ಸಾವಿರದಲ್ಲಿ ಮುಗಿಸಿದೆ. ಜಾಣತನ ಅಂದುಕೊಂಡೆ. ಗಾಳಿ ದಿಕ್ಕು ನೋಡಿರಲಿಲ್ಲ. ಮಾರ್ಚಿನ ಒಂದು ಮಧ್ಯಾಹ್ನ ಚಿಮಣಿಯ ಕಿಡಿ ಹಾರಿ ನಾಲ್ಕು ಲೋಡ್ ರಚ್ಚು, ಅರ್ಧ ಶೆಡ್ ಬೂದಿಯಾಯಿತು. ಪುಣ್ಯಕ್ಕೆ ಆಳುಗಳು ಊಟಕ್ಕೆ ಹೋಗಿದ್ದರು. ಈಗ ಶೆಡ್ ಆಚೆ ಬದಿಗಿದೆ, ಚಿಮಣಿ ಬಾಯಿಗೆ ಜಾಲರಿ ಇದೆ. ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ಬಡಿದು ಮಸಿ ಕೆಡವಬೇಕು, ಇಲ್ಲದಿದ್ದರೆ ಎಳೆತ ಸಾಯುತ್ತದೆ.

ತರಗನ್ನೂ (ಕಬ್ಬಿನ ಒಣ ಎಲೆ) ಉರಿಸಿ ನೋಡಿದೆ. ಪುಕ್ಕಟೆ ಸಿಗುತ್ತದಲ್ಲ ಅನ್ನುವ ಆಸೆ. ಭಗ್ ಅಂತ ಹತ್ತಿ ಕ್ಷಣದಲ್ಲಿ ಮುಗಿಯುತ್ತದೆ, ಬೂದಿ ಕರಗಿ ಗಾಜಿನ ಹಾಗೆ ಸರಳಿಗೆ ಅಂಟುತ್ತದೆ. ಹಾರೆಯಲ್ಲಿ ಕುಟ್ಟಿ ತೆಗೆದೆವು. ಅದು ಗದ್ದೆಯಲ್ಲೇ ಮುಚ್ಚಿಗೆಗೆ ಇರಲಿ. ರಚ್ಚಿನ ಮೇಲೆ ಅಣಬೆ ಬೆಳೆಯಲು ಹೋಗಿದ್ದೂ ಉಂಟು. ಹಸಿರು ಬೂಷ್ಟು ಬಿಟ್ಟು ಬೇರೇನೂ ಬೆಳೆಯಲಿಲ್ಲ. ಬೂದಿಯ ಲಾಭ ಮಾತ್ರ ನಿಜವಾದದ್ದು. ಮೊದಲು ಬೂದಿಯಲ್ಲಿ ಟೈರಿನ ತಂತಿ ಇರುತ್ತಿತ್ತು, ಗದ್ದೆಗೆ ಹಾಕಿದರೆ ಕಾಲಿಗೆ ಚುಚ್ಚುತ್ತಿತ್ತು. ಈಗ ತೆಂಗಿನ ಬುಡಕ್ಕೆ ಕೊಡಿ ಅಂತ ಕೇಳಿಕೊಂಡು ಬರುತ್ತಾರೆ.

ಇನ್ನು ಬಣ್ಣದ ವಿಷಯ. ಬೆಲ್ಲಕ್ಕೆ ಹಳದಿ ಬಣ್ಣ ಬರಿಸುವ ಬಿಳಿ ಪುಡಿ ಹೈಡ್ರೋಸ್ ಬಿಟ್ಟ ದಿನವೇ ನಿಜವಾದ ಪರೀಕ್ಷೆ ಶುರುವಾಯಿತು. ಆ ಪುಡಿಯಿಂದ ಬರುವ ಗಂಧಕದ ಡೈಆಕ್ಸೈಡ್ ಕಾನೂನಿನ ಪ್ರಕಾರ 70 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 70 ಪಾಲು) ದಾಟಬಾರದು. ಆದರೆ ಪುಡಿಯನ್ನು ಕೈಯಲ್ಲಿ ಹಿಡಿದು ಎರಚುವವನಿಗೆ ಪಿಪಿಎಂ ಎಲ್ಲಿ ಕಾಣುತ್ತದೆ? ಪುಡಿ ಇಲ್ಲದ ಬೆಲ್ಲ ಮಂಡಿಗೆ ಹೋದಾಗ ಒಬ್ಬರು ಅಚ್ಚು ಒಡೆದೂ ನೋಡದೆ '3,200' ಅಂದರು. ಪಕ್ಕದ ಹಳದಿ ಬೆಲ್ಲ 3,800ಕ್ಕೆ ಹೋಯಿತು. ಒಂದು ತಿಂಗಳು ಹಾಗೇ ಕಳೆದುಕೊಂಡೆ.

ಹಾಲಿನ ಕೊಳೆ ತೆಗೆಯುವ ಬೆಂಡೆ ಲೋಳೆ, ಸುಣ್ಣದ ತಿಳಿ ಇವನ್ನು ಎಲ್ಲರೂ ಬಲ್ಲಿರಿ. ಐದು ಗುಂಟೆಯಲ್ಲಿ ಬೆಂಡೆ ಹಾಕಿದ್ದೇನೆ, ಕಾಯಿಗಲ್ಲ, ಗಿಡಕ್ಕೆ. ಕೊಪ್ಪರಿಗೆಗೆ ಒಂದೂವರೆ ಎರಡು ಕೆಜಿ ಕಾಂಡ ಜಜ್ಜಿ ನೆನೆಸಿದ ಲೋಳೆ ಸಾಕು. ಅದನ್ನು ಒಂದೇ ಸಲ ಹಾಕುವುದಿಲ್ಲ. ಎರಡನೇ ಸಲ ಯಾವಾಗ ಹಾಕಬೇಕು ಅನ್ನುವುದು ನೊರೆ ನೋಡಿ ಹೇಳುವ ಮಾತು, ಬರೆದು ತಿಳಿಸಲು ಆಗಲ್ಲ. ತಿಳಿಸಲು ಮನಸ್ಸೂ ಇಲ್ಲ ಅಂತಲೇ ಇಟ್ಟುಕೊಳ್ಳಿ. ಕಡಲೆಕಾಯಿ ಹಾಲು, ಹರಳು ಬೀಜದ ಹಾಲು, ಲೋಳೆಸರ ಎಲ್ಲಾ ನೋಡಿದೆ. ಲೋಳೆಸರದ ಬೆಲ್ಲ ಕಹಿ ಬಂತು, ಮಕ್ಕಳು ಉಗಿದರು.

ಪುಡಿ ಬಿಟ್ಟರೆ ಕಬ್ಬಿನ ಬಣ್ಣ ಬಯಲಾಗುತ್ತದೆ. ಯೂರಿಯಾ ಸುರಿದ ಕಬ್ಬಿನ ಬೆಲ್ಲ ಕಪ್ಪು, ಮಳೆಗಾಲದಲ್ಲಿ ಬೆವರುತ್ತದೆ. ನಾಲೆ ಕೊನೆಯ ಚೌಳು ಭೂಮಿಯ ಕಬ್ಬಿನದು ಉಪ್ಪುಪ್ಪು, ಗಟ್ಟಿಯೂ ಆಗಲ್ಲ. ಮೊದಲು ಇದನ್ನೆಲ್ಲಾ ಹೈಡ್ರೋಸ್ ಮುಚ್ಚಿ ಹಾಕುತ್ತಿತ್ತು. ಹಾಗಾಗಿ ಒಲೆಯಿಂದ ಶುರುವಾದ ಕೆಲಸ ಗದ್ದೆಗೆ ಹೋಯಿತು. ಹನ್ನೆರಡು ರೈತರನ್ನು ಹಿಡಿದೆ. ಕೊನೆ ತಿಂಗಳುಗಳಲ್ಲಿ ಯೂರಿಯಾ ಇಲ್ಲ, ಬಲಿಯದೆ ಕಡಿಯುವಂತಿಲ್ಲ, ತರಗಿಗೆ ಬೆಂಕಿ ಇಡುವಂತಿಲ್ಲ. ಒಪ್ಪಿದವರಿಗೆ ಟನ್ನಿಗೆ ನೂರು ರೂಪಾಯಿ ಜಾಸ್ತಿ. ಇಬ್ಬರು ಮಾತು ತಪ್ಪಿದರು, ಬೆಲ್ಲವೇ ಸಾಕ್ಷಿ ಹೇಳಿತು. ಕಬ್ಬಿನ ತಳಿಯಲ್ಲಿ ಕೋ 86032 ನನಗೆ ಹಿಡಿಸಿದೆ. 62175ನ್ನು ಹೊಗಳುವವರೂ ಇದ್ದಾರೆ, ಜಗಳ ಬೇಡ.

ಮಾರಾಟ ನಿಧಾನಕ್ಕೆ ಮಂಡಿಯಿಂದ ಹೊರಗೆ ಬಂತು. ಮೈಸೂರಿನ ಮೂರು ಅಂಗಡಿ, ಬೆಂಗಳೂರಿನ ಕೆಲವು ಅಪಾರ್ಟ್‌ಮೆಂಟ್. ಕೆಜಿಗೆ 65ರಿಂದ 75. ಆದರೆ ನನ್ನ ಮಾಲಿನಲ್ಲಿ ಮೂರನೇ ಒಂದು ಪಾಲು ಮಾತ್ರ ಹಾಗೆ ಹೋಗುತ್ತದೆ, ಉಳಿದದ್ದು ಈಗಲೂ ಮಂಡಿಗೇ. ಆ ರೇಟು ಕೇಳಿ ಕುಣಿಯಬೇಡಿ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದರೆ 2022ರ ಜುಲೈಯಿಂದ ಶೇ. 5 ಜಿಎಸ್‌ಟಿ. ಲ್ಯಾಬ್ ಟೆಸ್ಟ್, ಲೈಸೆನ್ಸ್, ಡಬ್ಬ, ಸಾಗಾಟ ಎಲ್ಲಾ ಕಳೆದರೆ ಮಂಡಿಗಿಂತ ಹತ್ತು ಹನ್ನೆರಡು ರೂಪಾಯಿ ಮೇಲೆ ಉಳಿಯುತ್ತದೆ. ಸಣ್ಣ ಆಹಾರ ಉದ್ಯಮಗಳಿಗೆ ಸಹಾಯಧನ ಕೊಡುವ ಕೇಂದ್ರದ ಯೋಜನೆ ಪಿಎಂಎಫ್‌ಎಂಇಯಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತುಪಡಿಸಿದ ಉತ್ಪನ್ನ ಬೆಲ್ಲವೇ ಆಗಿತ್ತು. ಕೇಂದ್ರದ ಶೇ. 35ಕ್ಕೆ ರಾಜ್ಯ 15 ಸೇರಿಸುತ್ತಿತ್ತು. ಅದರಲ್ಲಿ ಪುಡಿ ಬೆಲ್ಲದ ಮಿಷನ್, ಸ್ಟೀಲ್ ದೋಣಿ ಬಂದವು. ಬೇರೆ ಬ್ಯಾಂಕ್, ಏಳು ತಿಂಗಳ ಓಡಾಟ.

ಒಟ್ಟು ಇಟ್ಟದ್ದು, ಹಾಳಾದದ್ದೂ ಸೇರಿ, ಆರು ಲಕ್ಷದ ಆಸುಪಾಸು. ಸೌದೆ ದುಡ್ಡು ದಿನಕ್ಕೆ 2,200 ಉಳಿದರೆ, ವರ್ಷಕ್ಕೆ ಇನ್ನೂರು ದಿನ ಗಾಣ ತಿರುಗಿದರೆ, ನಾಲ್ಕು ಲಕ್ಷ ಚಿಲ್ಲರೆ. ಹಾಳೆ ಮೇಲೆ ಒಂದೂವರೆ ವರ್ಷದ ಕತೆ. 2023ರಲ್ಲಿ ಬರ ಬಂತು, ಕಬ್ಬಿಲ್ಲದೆ ನೂರು ದಿನವೂ ಓಡಲಿಲ್ಲ. ಬಳೆ ಬಿಡಿಸಿದ್ದು ಹೋದ ವರ್ಷ.

ಈಗ ಜೋನಿ ಬೆಲ್ಲದ (ನೀರು ಬೆಲ್ಲ) ಮೇಲೆ ಕಣ್ಣಿದೆ. 106 ಡಿಗ್ರಿಗೆ ಇಳಿಸಿ ಇಪ್ಪತ್ತು ಬಾಟಲಿ ತುಂಬಿ ಅಟ್ಟದ ಮೇಲಿಟ್ಟಿದ್ದೇನೆ. ಆರರಲ್ಲಿ ತಳಕ್ಕೆ ಹರಳು ಕಟ್ಟಿದೆ, ಉಳಿದವು ತಿಳಿಯಾಗಿವೆ. ಎಲ್ಲವೂ ಒಂದೇ ಕೊಪ್ಪರಿಗೆಯವು. ಬಾಟಲಿ ಒದ್ದೆ ಇತ್ತೋ, ನಿಂಬೆ ರಸ ಸರಿಯಾಗಿ ಬೆರೆಯಲಿಲ್ಲವೋ, ಹುಡುಕುತ್ತಿದ್ದೇನೆ. ಅಷ್ಟರಲ್ಲಿ ಒಲೆ ಕುತ್ತಿಗೆಯ ಇಟ್ಟಿಗೆ ಬದಲಿಸಬೇಕು. ಹದಿನೆಂಟು ಬಿರುಕು ಬಿಟ್ಟಿವೆ, ಈ ಸಲವೂ ಬೆಂಕಿ ಇಟ್ಟಿಗೆಯನ್ನೇ ತರಿಸಿದ್ದೇನೆ, ಮೇಸ್ತ್ರಿ ಸೋಮವಾರ ಬರುತ್ತಾನಂತೆ.