ಬಿಸಿಲ ಸೆಕೆಯೋ ಮೈಯ ಝಳವೋ: ಹಾರ್ಮೋನ್ ಚಿಕಿತ್ಸೆಗೆ ಮುನ್ನ

ಮೇ ತಿಂಗಳ ರಾಯಚೂರಿನಲ್ಲಿ ಬೆವರುವ ಹೆಂಗಸನ್ನು ಯಾರೂ ಏನಾಯಿತೆಂದು ಕೇಳುವುದಿಲ್ಲ. ಆದ್ದರಿಂದ ನೀವೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಬಿಸಿಲಿನ ಸೆಕೆ ನೆರಳಿಗೆ ಬಂದರೆ ಇಳಿಯುತ್ತದೆ. ಮುಟ್ಟು ನಿಲ್ಲುವ ಕಾಲದ ಈ ಝಳ ಎದೆಯಿಂದ ಕುತ್ತಿಗೆಗೆ, ಮುಖಕ್ಕೆ ಏರಿ, ಕೆಲವು ನಿಮಿಷ ಕಾಡಿ, ಬೆವರಿಳಿಸಿ, ಕಡೆಗೆ ಚಳಿ ಹುಟ್ಟಿಸಿ ಹೋಗುತ್ತದೆ. ಡಿಸೆಂಬರಿನ ರಾತ್ರಿಯಲ್ಲೂ ರವಿಕೆ ತೊಯ್ದು ನನಗೆ ಎಚ್ಚರವಾಗುತ್ತಿತ್ತು. ಝಳ ಬಂದ ಹೊತ್ತು, ಕೆಟ್ಟ ನಿದ್ದೆ, ಮುಟ್ಟಿನ ದಿನ: ಎರಡು ಮೂರು ತಿಂಗಳು ಇಷ್ಟು ಬರೆದರೆ ಸಾಕು. ಮಂಡಕ್ಕಿ ವಗ್ಗರಣಿಯ ಜೊತೆ ಮಿರ್ಚಿ ತಿಂದ ದಿನ ನನಗೆ ಹೆಚ್ಚಾಗುತ್ತಿತ್ತು; ಮಿರ್ಚಿ ಬಿಟ್ಟೆ, ವಗ್ಗರಣಿ ಬಿಡಲಿಲ್ಲ.

ಸತತ 12 ತಿಂಗಳು ಮುಟ್ಟಾಗದಿದ್ದರೆ ಅದು ಋತುಬಂಧ. ಆಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರಿಗೆ ತೋರಿಸಲೇಬೇಕು.

ಮುಟ್ಟು ನಿಲ್ಲುವಾಗ ಮೈಯಲ್ಲಿ ಇಳಿಯುವ ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ಹೊರಗಿನಿಂದ ಕೊಟ್ಟು ಝಳ ತಗ್ಗಿಸುವುದೇ ಹಾರ್ಮೋನ್ ಚಿಕಿತ್ಸೆ. ಹಾರ್ಮೋನ್ ಎಂದೊಡನೆ ಓಣಿಯವರೆಲ್ಲ ಕ್ಯಾನ್ಸರ್ ಎನ್ನುತ್ತಾರೆ. ಆ ಭಯ ಬಲವಾದದ್ದು 2002ರ ಅಮೆರಿಕದ ಅಧ್ಯಯನದಿಂದ. ಎರಡು ಹಾರ್ಮೋನುಗಳ ಮಾತ್ರೆ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ತುಸು ಹೆಚ್ಚಿದ್ದು ನಿಜ. ಆದರೆ ಅವರ ಸರಾಸರಿ ವಯಸ್ಸು 63. 60 ದಾಟದ, ಅಥವಾ ಮುಟ್ಟು ನಿಂತು 10 ವರ್ಷವಾಗದ, ಝಳದಿಂದ ಬಹಳ ಬಳಲುವ ಆರೋಗ್ಯವಂತೆಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ, ರಕ್ತನಾಳದಲ್ಲಿ ಹೆಪ್ಪು, ಯಕೃತ್ತಿನ ಕಾಯಿಲೆ ಇದ್ದವರ ಲೆಕ್ಕ ಬೇರೆ. ಮೊದಲ ಭೇಟಿಯಲ್ಲೇ ಹೇಳಿಬಿಡಿ. ಅವರಿಗೆ ಝಳ ತಗ್ಗಿಸುವ, ಹಾರ್ಮೋನ್ ಅಲ್ಲದ ಮಾತ್ರೆಗಳೂ ಇವೆ.

ಗರ್ಭಕೋಶ ಇದೆಯೋ, ತೆಗೆಸಿದ್ದೀರೋ ಎಂಬುದು ದೊಡ್ಡ ಪ್ರಶ್ನೆ. ಇದ್ದರೆ ಈಸ್ಟ್ರೋಜೆನ್ ಒಂದೇ ಸಾಲದು. ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾಗದಿರಲು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಕೂಡ ಬೇಕು. ತೆಗೆಸಿದವರಿಗೆ ಸಾಮಾನ್ಯವಾಗಿ ಈಸ್ಟ್ರೋಜೆನ್ ಸಾಕು. ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡವರು ನಮ್ಮ ಕಡೆ ಇದ್ದಾರೆ. ಅಂಡಾಶಯವನ್ನೂ ತೆಗೆದಿದ್ದಾರೆಯೇ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಹಳೆಯ ಡಿಸ್ಚಾರ್ಜ್ ಕಾಗದ ಹುಡುಕಿ ಒಯ್ಯಿರಿ. 45ಕ್ಕಿಂತ ಮೊದಲೇ ಎರಡೂ ಅಂಡಾಶಯ ಹೋಗಿದ್ದರೆ ಮೂಳೆಯ ಸಲುವಾಗಿಯಾದರೂ ಹಾರ್ಮೋನ್ ಬಗ್ಗೆ ಕೇಳಲೇಬೇಕು.

ಚರ್ಮಕ್ಕೆ ಹಚ್ಚುವ ಈಸ್ಟ್ರೋಜೆನ್ ಜೆಲ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ನಾನು ಆರಿಸಿಕೊಂಡದ್ದು ಅದನ್ನೇ, ಜೊತೆಗೆ ರಾತ್ರಿ ಪ್ರೊಜೆಸ್ಟರಾನ್. ವರ್ಷಕ್ಕೊಮ್ಮೆ ಮುಂದುವರಿಸಬೇಕೇ ಎಂದು ವೈದ್ಯರೊಡನೆ ಮಾತಾಡುತ್ತೇನೆ. ಅಕ್ಕನ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಲ್ಲಿ ಕೊಳ್ಳುವ ಔಷಧಿ ಇದಲ್ಲ.

ಯೋನಿಯಲ್ಲಿ ಒಣಗು, ಉರಿ ಮಾತ್ರ ಇದ್ದರೆ ಅಲ್ಲಿಗೇ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ಸಾಕಾಗುತ್ತದೆ. ರಕ್ತಕ್ಕೆ ಸೇರುವುದು ತೀರ ಕಡಿಮೆ. ಸೊಸೆಯ ಎದುರು ಹೇಳಲು ಸಂಕೋಚವಾದರೆ ಅವಳನ್ನು ಚಹಾ ತರಲು ಕಳುಹಿಸಿ, ವೈದ್ಯರಿಗೆ ಹೇಳಿ.